ಹೂಂ ಇಲ್ಲ, ಊಹೂಂ ಇಲ್ಲ

ಚೌಳಹಿರಿಯೂರಿನಲ್ಲಿ ಯಾರ ಮನೆಯಲ್ಲಿ ಏನು ಸಾರು ಎಂಬುದು ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತು. ಯಾರ ಖಾತೆಯಲ್ಲಿ ಏನಿದೆ ಎಂಬುದು ಮಾತ್ರ ಸುಮನಾಳಿಗಷ್ಟೇ ಗೊತ್ತು. ಬಸ್ ನಿಲ್ದಾಣದ ಪಕ್ಕದ ಮಳಿಗೆಯಲ್ಲಿ ಹೆಬ್ಬೆಟ್ಟಿನ ಯಂತ್ರ ಇಟ್ಟುಕೊಂಡು ಕೂತು, ಬ್ಯಾಂಕಿನ ಪರವಾಗಿ ದುಡ್ಡು ಕೊಡುವ, ಕಟ್ಟಿಸಿಕೊಳ್ಳುವ ಬ್ಯಾಂಕ್ ಮಿತ್ರ ಆಕೆ. ನಗು ಧಾರಾಳ, ಬಾಯಿ ಬಿಗಿ. ಯಾವ ಗಂಡನಾದರೂ ಬಂದು ‘ನಮ್ಮನೆಯವ್ಳ ದುಡ್ಡು ಬಂತಾ?’ ಎಂದರೆ, ‘ಅವರನ್ನೇ ಕಳ್ಸಿ’ ಎಂದು ಸಾಗಹಾಕುತ್ತಾಳೆ.

ಅಂಥವಳ ಬಾಯಿ ಬಿಡಿಸಲು ಒಂದು ದಿನ ಅತ್ತೆ ಪ್ರೇಮಮ್ಮನೇ ಮಳಿಗೆಗೆ ಬಂದರು. ಅವರ ಅಣ್ಣ ಷಡಕ್ಷರಿ ತಮ್ಮ ಮಗನಿಗೆ ಟೈಲರ್ ದಾಕ್ಷಾಯಣಮ್ಮನ ಮಗಳನ್ನು ನೋಡಿದ್ದರು. ಹುಡುಗಿ ಒಪ್ಪಿಗೆಯಾಗಿದ್ದಳು.

‘ನಮ್ಮಣ್ಣಂಗೆ ಒಂದೇ ಅನುಮಾನ ಕಣೇ. ಗಂಡ ಸತ್ತ ಮೇಲೆ ಆಯಮ್ಮ ಸಾಲಗೀಲ ಮಾಡ್ಕಂಡವ್ಳಾ ಅಂತ. ನೀನು ಬಾಯೇ ಬಿಡ್ಬ್ಯಾಡ. ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ಸಾಕು.’

ದಾಕ್ಷಾಯಣಮ್ಮನಿಗೆ ಬಿಡಿಗಾಸಿನ ಸಾಲವೂ ಇರಲಿಲ್ಲ. ಒಂದು ಊಹೂಂ ಎಂದರೆ ಮದುವೆ ಗಟ್ಟಿ. ಅದು ಸುಮನಾಳ ನಾಲಿಗೆ ತುದಿಗೂ ಬಂದಿತ್ತು. ಆದರೆ ಇವತ್ತು ಸಾಲವಿಲ್ಲದವರಿಗೆ ಊಹೂಂ ಎಂದುಬಿಟ್ಟರೆ, ನಾಳೆ ಸಾಲವಿದ್ದವರ ವಿಷಯದಲ್ಲಿ ಸುಮ್ಮನಿದ್ದದ್ದೇ ಉತ್ತರವಾಗುತ್ತದಲ್ಲ!

‘ಅವರನ್ನೇ ಕೇಳಿ, ಅತ್ತೆ.’

‘ಅಂದ್ರೆ ಐತೆ ಅಂತಾಯ್ತು!’

‘ಇದ್ರೂ ಇದೇ ಮಾತು, ಇಲ್ದಿದ್ರೂ ಇದೇ ಮಾತು.’

ಪ್ರೇಮಮ್ಮ ಮುಖ ಊದಿಸಿಕೊಂಡು ಎದ್ದುಹೋದರು. ಹೋಗುತ್ತಲೇ ಅಣ್ಣನಿಗೆ ಫೋನ್ ಮಾಡಿ ‘ಏನೋ ಐತೆ’ ಅಂದರು. ಸಂಬಂಧ ಅಲ್ಲಿಗೇ ಮುರಿಯಿತು.

ಸುದ್ದಿ ಸುಮನಾಳ ಕಿವಿಗೂ ಬಿತ್ತು. ತನ್ನಿಂದಾಗಿ ಒಂದು ಹುಡುಗಿಯ ಮದುವೆ ತಪ್ಪಿತಲ್ಲ! ತಡೆಯಲಾರದೆ ದಾಕ್ಷಾಯಣಮ್ಮನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಆಕೆ ಹೊಲಿಗೆ ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು.

‘ಸದ್ಯ, ನೀನು ಹೇಳ್ಲಿಲ್ವಲ್ಲ ತಾಯಿ. ನನ್ನನ್ನೇ ಕೇಳಿದ್ದಿದ್ರೆ ಪಾಸ್‌ಬುಕ್ಕೇ ಮುಂದೆ ಇಡ್ತಿದ್ದೆ. ಕದ್ದು ವಿಚಾರ್ಸೋರ ಮನೆಗೆ ನನ್ ಮಗಳು ಹೋಗೋದೇ ಬ್ಯಾಡ. ನೀನ್ಯಾಕೆ ಕೊರಗ್ತೀಯ, ಕಾಫಿ ಕುಡಿ.’

ಸುಮನಾಳ ಎದೆ ಹಗುರಾಯಿತು.

ಪ್ರೇಮಮ್ಮ ಮಾತ್ರ ಸೊಸೆಯ ಜೊತೆ ಮಾತು ಬಿಟ್ಟರು. ಊಟಕ್ಕೆ ಕರೆದರೂ ಗೋಡೆಗೆ ಹೇಳಿದ ಹಾಗೆ ‘ಹಸಿವಿಲ್ಲ’ ಎನ್ನುವರು. ಹೀಗೇ ಕೆಲವು ದಿನ ಕಳೆದ ಮೇಲೆ, ಮಳಿಗೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಬಂದು ಎದುರಿಗೆ ಕೂತರು. ಸೊಸೆಯ ಮುಖ ನೋಡದೆಯೇ ಮಾತು ತೆಗೆದರು.

‘ನಂದೂ ಒಂದು ಖಾತೆ ತೆಗಿ. ನಿನ್ ಗಂಡಂಗೂ ಗೊತ್ತಾಗ್ಬಾರ್ದು.’

‘ಇಲ್ಲ ಅತ್ತೆ, ಹೇಳಲ್ಲ.’

‘ನೀನು ಹೇಳಲ್ಲ ಅನ್ನೋದು ಈ ಊರಲ್ಲಿ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತೇ?’