ಮುಚ್ಚಿಕೊಳ್ಳದ ಜಾಲರಿ

ಅಮಗಸಾಕಿಯ ಗಾರೆ ಮೇಸ್ತ್ರಿ ಕುಸುಮೋತೊ ತೇಯ್ಜಿಗೆ ತನ್ನ ಎರಡು ಕಾಲುಗಳಲ್ಲಿ ಯಾವುದನ್ನು ನಂಬಬೇಕೆಂದೇ ತಿಳಿಯದಾಯಿತು. ಎಪ್ಪತ್ತು ದಾಟಿದ ಮನುಷ್ಯ. ಸಿಗರೇಟಿನ ಕೃಪೆಯಿಂದ ಎರಡೂ ತೊಡೆಗಳ ರಕ್ತನಾಳ ಕಟ್ಟಿಕೊಂಡು, ಎರಡರೊಳಗೂ ಲೋಹದ ಜಾಲರಿಯ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿಕೊಂಡಿದ್ದ. ಬಲಗಾಲಿಗೆ ಮೊದಲೇ ಹಾಕಿದ್ದು ಬರೀ ಲೋಹದ್ದು. ಎಡಗಾಲಿಗೆ ಹೋದ ವರ್ಷ ಹಾಕಿದ್ದು ಔಷಧಿ ಲೇಪಿಸಿದ್ದು. ಈಗ ಹಿರೋಸೆ ಎಂಬ ಹರೆಯದ ಡಾಕ್ಟರು ನಾಳದೊಳಗೆ ಸಣ್ಣ ಕ್ಯಾಮೆರಾ ಬಿಟ್ಟು, ಒಳಗಿನದನ್ನು ಪರದೆಯ ಮೇಲೆ ತೋರಿಸುತ್ತಿದ್ದಳು.

ಬಲಗಾಲಿನಲ್ಲಿ ಜಾಲರಿ ಕಾಣಿಸಲೇ ಇಲ್ಲ, ಮೇಲೆ ಬೆಳ್ಳಗೆ ಪದರ ಕೂತಿತ್ತು. ಎಡಗಾಲಿನಲ್ಲಿ ತಂತಿಗಳು ಅಲ್ಲಲ್ಲಿ ಬೆತ್ತಲೆಯಾಗಿ ಮಿನುಗುತ್ತಿದ್ದವು.

"ಬಲಗಡೇದು ನೋಡಿ ಡಾಕ್ಟ್ರೇ, ಕೆಲ್ಸ ಅಂದ್ರೆ ಅದು," ಅಂದ ತೇಯ್ಜಿ. "ಎಡಗಡೆ ಯಾರೋ ಕೂಲಿ ಇಸ್ಕೊಂಡು ಅರ್ಧಕ್ಕೇ ಓಡಿಹೋಗಿದಾರೆ."

"ಅಲ್ಲ ಕುಸುಮೋತೊ ಅವ್ರೇ. ಬಲಗಡೆ ಪದರ ಅತಿಯಾಗಿ ಬೆಳ್ದು ದಾರಿ ಮತ್ತೆ ಕಿರಿದಾಗಿದೆ. ನಡೀವಾಗ ನೋಯೋದು ಅದೇ ಕಾಲಲ್ವಾ? ಎಡಗಡೆ ರಕ್ತ ಚೆನ್ನಾಗಿ ಹರೀತಿದೆ."

"ಹಂಗಾದ್ರೆ ವಾಸಿಯಾಗಿರೋದು ಯಾವ ಕಾಲು?"

ಹಿರೋಸೆಯೂ ಸ್ವಲ್ಪ ತಡವರಿಸಿದಳು. "ವಾಸಿಯಾಗಿರೋದು ಬಲಗಾಲು. ಚೆನ್ನಾಗಿರೋದು ಎಡಗಾಲು. ಅಲ್ಲಿ ಪದರ ಬೆಳೀದ ಹಾಗೆ ಔಷಧಿ ತಡೀತು, ಅದಕ್ಕೇ ಲೋಹ ಇನ್ನೂ ಮುಚ್ಚಿಲ್ಲ. ಮುಚ್ಚದ ಲೋಹದ ಮೇಲೆ ರಕ್ತ ಹೆಪ್ಪುಗಟ್ಬಹುದು. ದಿನಾ ತಗೊಳ್ಳೋ ಮಾತ್ರೆ ನಿಲ್ಲಿಸಲೇಬೇಡಿ."

ತೇಯ್ಜಿ ಹೂಂಗುಟ್ಟಿದ. ಡಾಕ್ಟರ ಮುಂದೆ ಅರ್ಥವಾಗಲಿಲ್ಲ ಅನ್ನುವುದಕ್ಕಿಂತ ಕಾಲು ಹೋದರೂ ವಾಸಿ ಅನ್ನುವ ಪೈಕಿ ಅವನು.

"ಏನಂದ್ರು?" ಮನೆಯಲ್ಲಿ ಹೆಂಡತಿ ಕಿನುಕೊ ಕೇಳಿದಳು.

"ವಾಸಿಯಾದ ಕಾಲು ಕೆಟ್ಟಿದೆಯಂತೆ, ವಾಸಿಯಾಗದ್ದು ಚೆನ್ನಾಗಿದೆಯಂತೆ."

"ಆಸ್ಪತ್ರೆಗೆ ಹೋಗಿದ್ರೋ, ಹೆಂಡದಂಗಡಿಗೋ?"

ತೇಯ್ಜಿಗೆ ನಗು ಬರಲಿಲ್ಲ. ಜೀವಮಾನವೆಲ್ಲ ಜಾಲರಿಯ ಮೇಲೆ ಗಾರೆ ಹಾಕಿದವನು. ಜಾಲರಿ ಕಾಣಿಸುವ ಗೋಡೆಯನ್ನು ಬಿಟ್ಟು ಎಂದೂ ಮನೆಗೆ ಹೋದವನಲ್ಲ. ಗಾರೆಗೆ ಕಲಸುವ ಕಡಲಪಾಚಿಯ ಅಂಟು ಹೆಚ್ಚಾದರೆ ಅದು ಬೇಗ ಬಿಗಿಯುವುದಿಲ್ಲ. ಆಗ ಅಂಟು ಕಡಿಮೆ ಮಾಡಬೇಕು, ಅಷ್ಟೆ. ಔಷಧಿಯಿಂದಲೇ ಕಾಲಿನ ಜಾಲರಿ ಮುಚ್ಚಿಲ್ಲ ಅಂತ ಡಾಕ್ಟರೇ ಹೇಳಿದ್ದಾಳೆ. ದಿನಾ ಬೆಳಿಗ್ಗೆ ಇನ್ನಷ್ಟು ಔಷಧಿ ನುಂಗಿದರೆ ಮುಚ್ಚುವುದಾದರೂ ಹೇಗೆ? ಒಂದು ತೆಳು ಪದರ ಕೂರಲಿ, ಆಮೇಲೆ ನುಂಗಿದರಾಯಿತು. ಪಾಪ, ಗೋಡೆಯ ಮಟ್ಟಿಗೆ ಅವನ ಲೆಕ್ಕ ಸರಿಯಾಗಿಯೇ ಇತ್ತು. ಮರುದಿನದಿಂದ ಮಾತ್ರೆಗಳು ಹಿರಿಯರ ಪೂಜಾಗೂಡಿನ ಖಾನೆ ಸೇರಿದವು. ಎಸೆಯುವುದು ಅವನಿಂದಾಗದ ಮಾತು.

ಕೆಲವು ವಾರ ಕಳೆದವು. ಗಂಡಹೆಂಡಿರು ಬೀದಿಯ ಸಾರ್ವಜನಿಕ ಸ್ನಾನದಮನೆಯಿಂದ ಟವೆಲು ಹಿಡಿದು ವಾಪಸು ಬರುತ್ತಿದ್ದರು. ತೋಫು ಅಂಗಡಿಯ ಮುಂದೆ ತೇಯ್ಜಿಯ ಎಡಗಾಲು ಜೋಮು ಹಿಡಿದು, ಆಮೇಲೆ ಸಿಡಿಯತೊಡಗಿತು. ಅವನು ಅಲ್ಲೇ ಕುಸಿದು ಕೂತ. ಕಿನುಕೊ ಪಾದ ಮುಟ್ಟಿ ನೋಡಿದಳು. ಈಗಷ್ಟೇ ಬಿಸಿನೀರಿನಿಂದ ಎದ್ದುಬಂದ ಪಾದ ತಣ್ಣಗಿತ್ತು, ಸುಣ್ಣದಂತೆ ಬಿಳಿಚಿಕೊಂಡಿತ್ತು.

"ಇದು ಚೆನ್ನಾಗಿರೋ ಕಾಲಲ್ವೇನ್ರೀ?" ಅವಳು ಟವೆಲನ್ನು ಪಾದಕ್ಕೆ ಸುತ್ತಿದಳು.

ಆಂಬುಲೆನ್ಸಿನಲ್ಲಿ ಅವನು ಎಲ್ಲ ಬಾಯಿಬಿಟ್ಟ. ಹಿರೋಸೆ ಹೆಪ್ಪುಗಟ್ಟಿದ ರಕ್ತವನ್ನು ಹೀರಿ ತೆಗೆದಳು. ಕಾಲು ಉಳಿಯಿತು, ಕಿರುಬೆರಳು ಉಳಿಯಲಿಲ್ಲ.

"ಪದರ ಬೆಳೀದ ಹಾಗೆ ತಡೆದಿದ್ದು ಜಾಲರಿಗೆ ಹಚ್ಚಿದ್ದ ಔಷಧಿ. ಮಾತ್ರೆ ಅದಲ್ಲ, ಅದು ರಕ್ತ ಹೆಪ್ಪುಗಟ್ಟದಿರ್ಲಿ ಅಂತ," ಎಂದಳು ಹಿರೋಸೆ. "ಎರಡನ್ನೂ ಬಿಡಿಸಿ ಹೇಳ್ಬೇಕಿತ್ತು ನಾನು." ಬಲಗಾಲಿನ ನಾಳವನ್ನೂ ಮತ್ತೆ ತೆರೆಯಬೇಕು, ಅಲ್ಲಿಗೂ ಔಷಧಿ ಲೇಪಿಸಿದ್ದನ್ನೇ ಹಾಕಬೇಕು ಅಂತಲೂ ಹೇಳಿದಳು.

ತೇಯ್ಜಿಗೆ ದಿಕ್ಕೇ ತೋಚಲಿಲ್ಲ. "ಹಂಗಾದ್ರೆ ಎರಡೂ ಕಾಲು ವಾಸಿಯಾಗ್ದೇ ಇರ್ಬೇಕಾ?"

"ಹಾಕಿ ಡಾಕ್ಟ್ರೇ," ಅಂದಳು ಕಿನುಕೊ. "ಮಾತ್ರೆ ಇನ್ಮೇಲೆ ನನ್ ಕೈಲಿರುತ್ತೆ."

ಅವಳು ಮಾತ್ರೆಯನ್ನು ಅವನ ತುಟಿಗೆ ಒತ್ತಿ ಹಿಡಿದಳು. ಬೈಯಬೇಕೆಂದಿದ್ದಳು, ಅಳು ಬಂದುಬಿಟ್ಟಿತು.

"ಇದು ಯಾವ ಕಾಲಿಂದು?" ಅವನು ಮೆಲ್ಲಗೆ ಕೇಳಿದ.

"ನಂದು," ಅಂದಳು. "ನೀವು ಬಿದ್ರೆ ನಾನೂ ಎಲ್ಲಿ ನಡೀತೀನಿ? ಬಾಯಿ ತೆಗೀರಿ."

ಏನೂ ಅರ್ಥವಾಗದೆಯೇ ತೇಯ್ಜಿ ಅದನ್ನು ನುಂಗಿದ.