ಒರೆಯೊಳಗಿನ ಬಿದಿರು

ಕಿನ್ನಾಳದ ಹುಲಗಪ್ಪನ ಬಲಗೈ ಹಾಳಾದದ್ದು ನನ್ನ ಒಂದು ಮಾತಿನಿಂದ. ಇದು ಅವನಿಗೆ ಗೊತ್ತು, ಅವನ ಹೆಂಡತಿಗೂ ಗೊತ್ತು. ಅವನು ನನ್ನನ್ನು ಕ್ಷಮಿಸಿಯೂ ಆಗಿದೆ. ಆದರೆ ಅವನು ಕ್ಷಮಿಸಿದ್ದು ಅರ್ಧವನ್ನು ಮಾತ್ರ — ಇನ್ನರ್ಧವನ್ನು ನಾನು ಹೇಳಲೇ ಇಲ್ಲ. ಹೇಳದೆಯೇ ಅವನ ಮನೆಯಲ್ಲಿ ಉಂಡಿದ್ದೇನೆ, ಅವನ ಮಗಳ ಮದುವೆಯಲ್ಲಿ ಮನೆಯವನಂತೆ ಓಡಾಡಿದ್ದೇನೆ.

ನಾನು ಕೊಪ್ಪಳದಲ್ಲಿ ಕುದುರೆಯ ಜೀನು, ಎತ್ತಿನ ಕೊರಳಪಟ್ಟಿ ಹೊಲಿಯುತ್ತಿದ್ದವನು. ದೊಡ್ಡ ಯುದ್ಧ ಮುಗಿದ ಮೇಲೆ ಬಳ್ಳಾರಿ ಕಡೆ ದಂಡಿನ ಹಳೇ ಸಾಮಾನು ಹರಾಜಿಗೆ ಬಂತು. ಅದರಲ್ಲಿ ಒಂದು ಮೂಟೆ ಒರೆಗಳನ್ನು ಕೊಂಡು ಹೊಳೆ ದಾಟಿಸಿ ತಂದೆ — ಬಂದೂಕಿನ ತುದಿಗೆ ಸಿಗಿಸುವ ಸಂಗೀನಿನ ಒರೆಗಳು. ಸಂಗೀನುಗಳನ್ನು ಸರ್ಕಾರ ಇಟ್ಟುಕೊಂಡಿತ್ತು, ಒರೆಗಳು ಖಾಲಿ. ಗಟ್ಟಿ ತೊಗಲು, ಬಾಯಿಗೂ ತುದಿಗೂ ಉಕ್ಕಿನ ಕಟ್ಟು. ಹೊಲಿಗೆ ಬಿಚ್ಚಿ, ಅಳತೆಗೆ ಕತ್ತರಿಸಿ, ಮತ್ತೆ ಹೊಲಿದರೆ ಕುರಿ ಕಾಯುವವರ ಚೂರಿಗೂ ಮರ ಸವರುವವರ ಕತ್ತಿಗೂ ಸೊಗಸಾಗಿ ಒಗ್ಗುತ್ತಿತ್ತು. ಯಲಬುರ್ಗಾ, ಕುಷ್ಟಗಿ ಕಡೆಯವರೂ ನನ್ನ ಅಂಗಡಿ ಕೇಳಿಕೊಂಡು ಬರುತ್ತಿದ್ದರು. ನನಗೂ ಸ್ವಲ್ಪ ಜಂಬ ಬಂದಿತ್ತು ಅನ್ನಿ.

ಹುಲಗಪ್ಪ ಗೊಂಬೆ ಕೆತ್ತುವವನು. ಅದಕ್ಕೆ ಬೇಕಾದ ಹಗುರ ಮರವನ್ನು ಗುಡ್ಡದಿಂದ ತಾನೇ ಕೊಯ್ದು ತರುತ್ತಿದ್ದ. ಮೊಳದುದ್ದದ ಗರಗಸವನ್ನು ಗೋಣಿತಾಟಿನಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡರೆ ಅದರ ಹಲ್ಲು ಬೆನ್ನನ್ನೇ ಗೀರುತ್ತಿತ್ತು. ಆ ಮೂಟೆಯದೇ ಒಂದನ್ನು ಬಿಚ್ಚಿ ಅವನಿಗೊಂದು ಒರೆ ಮಾಡಿಕೊಡಲು ಕುಳಿತೆ. ಚೂರಿಯ ಒರೆ ಸುಲಭ, ಗರಗಸದ್ದು ಕಷ್ಟ — ಎಳೆದಾಗಲೆಲ್ಲ ಹಲ್ಲು ಹೊಲಿಗೆಯನ್ನೇ ಕೊಯ್ಯುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದೆ. ಒಳಗೆ, ಹೊಲಿಗೆಯ ಉದ್ದಕ್ಕೂ, ಒಂದು ಬಿದಿರಿನ ಸೀಳು ಕೂರಿಸಿ ತೊಗಲಿಗೆ ಸೇರಿಸಿ ಹೊಲಿದೆ. ಹಲ್ಲು ಬಿದಿರಿನ ಮೇಲೆ ಜಾರುತ್ತಿತ್ತು, ದಾರಕ್ಕೆ ತಾಗುತ್ತಿರಲಿಲ್ಲ. ಹೊರಗಿನಿಂದ ಏನೂ ಕಾಣದು. ಹುಲಗಪ್ಪನಿಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಪೇಟೆಯ ಉಳಿದವರೂ ಹೀಗೇ ಮಾಡಿಯಾರು ಎಂಬ ಸಣ್ಣ ಬುದ್ಧಿ.

ಬಿದಿರು ಕೂತ ಮೇಲೆ ಒಳಗೆ ಉಳಿದದ್ದು ತೆಳ್ಳನೆಯ ಸಂದು. ಗರಗಸ ಹೋಗುತ್ತಿತ್ತು. ದಪ್ಪ ಬೆನ್ನಿನ ಸಂಗೀನು ಎಷ್ಟು ತುರುಕಿದರೂ ಹೋಗುತ್ತಿರಲಿಲ್ಲ. ಈ ಲೋಕದಲ್ಲಿ ಇದು ಗೊತ್ತಿದ್ದದ್ದು ನನಗೊಬ್ಬನಿಗೇ.

ಬಾಯಿಕಟ್ಟಿನ ಮೇಲಿದ್ದ ದಂಡಿನ ಮುದ್ರೆಯನ್ನು ಅರದಿಂದ ಉಜ್ಜಲು ಹೋದೆ. "ಇರ್ಲಿ ಬಿಡಣ್ಣ, ಛಂದ ಕಾಣತೈತಿ," ಅಂದ ಹುಲಗಪ್ಪ. ಬಿಟ್ಟೆ.

ಆಮೇಲೆ ಆ ಕೆಟ್ಟ ವರ್ಷ ಬಂತು — ನಿಜಾಮರ ಆಳ್ವಿಕೆಯ ಕೊನೆಯ ವರ್ಷ. ಅಳವಂಡಿ ಕಡೆಯಿಂದ ಜನ ಗಂಟುಮೂಟೆ ಕಟ್ಟಿ ಗಡಿ ದಾಟುತ್ತಿದ್ದರು. ಎದುರುಮನೆಯವರು ಒಲೆಯ ಮೇಲೆ ಗಡಿಗೆ ಇಟ್ಟದ್ದು ಇಟ್ಟ ಹಾಗೇ ಹೋಗಿದ್ದರು. ಕುಡುಗೋಲನ್ನೂ ಬಟ್ಟೆಯಲ್ಲಿ ಮುಚ್ಚಿ ಒಯ್ಯುವ ಕಾಲ. ಆಯುಧ ಅಂತ ಅನುಮಾನ ಬಂದರೆ ಸಾಕು, ಕರೆದೊಯ್ದವರು ಯಾವಾಗ ಬರುತ್ತಾರೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಒರೆಗಳ ಮೂಟೆಯನ್ನು ಅಂಗಡಿಯ ಅಟ್ಟಕ್ಕೆ ಹಾಕಿ ಮೇಲೆ ಹೊಟ್ಟು ಮುಚ್ಚಿದ್ದೆ. "ಸುಟ್ಟಬಿಡ್ರಿ ಅದನ್ನ," ಎಂದು ಹೆಂಡತಿ ದಿನಾ ಗೋಗರೆಯುತ್ತಿದ್ದಳು. ದುಡ್ಡು ಕೊಟ್ಟು ತಂದದ್ದು, ಮನಸ್ಸು ಬರಲಿಲ್ಲ.

ಅದೇ ದಿನಗಳಲ್ಲಿ ಹುಲಗಪ್ಪನ ಗರಗಸ ಗುಡ್ಡದಲ್ಲಿ ಮುರಿಯಿತು. ಹೊಸದು ಕೊಳ್ಳಬೇಕು ಅಂದ. "ಬರುವಾಗ ಒರಿ ತಗೊಂಡ ಬಾ, ಅದರ ಅಳತಿಗೆ ಕೂಡೋದನ್ನ ತಗೊಳ್ಳೋಣು," ಎಂದೆ. ನನ್ನ ಮಾತಿನಂತೆ ಅವನು ಖಾಲಿ ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟ. ಊರ ಬಾಗಿಲ ಕಾವಲು ನಾಕಾದಲ್ಲಿ ನಿಜಾಮರ ಸಿಪಾಯಿಗಳು ಹಿಡಿದರು.

ಖಾಲಿ ಒರೆ, ಮೇಲೆ ದಂಡಿನ ಮುದ್ರೆ. ಸಂಗೀನು ಎಲ್ಲಿ ಬಚ್ಚಿಟ್ಟೆ ಎಂದು ಕೇಳಿದರಂತೆ. ಗರಗಸದ ಒರೆ ಅಂದರೆ ನಂಬಲಿಲ್ಲ. ಹೊಲಿದವನನ್ನೇ ಕೇಳಿ ಅಂದನಂತೆ ಪಾಪ — ಒಬ್ಬ ಜಮಾದಾರ, ಇಬ್ಬರು ಸಿಪಾಯಿಗಳು ಅವನನ್ನು ನನ್ನ ಅಂಗಡಿಗೆ ಕರೆತಂದರು.

ಜಮಾದಾರ ಒರೆಯನ್ನು ನನ್ನ ಮುಂದೆ ಒಗೆದ. ಕೊನೆಯ ಹೊಲಿಗೆಯನ್ನು ಹಿಂದಕ್ಕೆ ದಾಟಿಸಿ ಗಂಟು ಹಾಕುವುದು ನಮ್ಮಪ್ಪನ ಪದ್ಧತಿ. ಆ ಗಂಟು ನನ್ನ ಕಡೆಗೇ ಮುಖ ಮಾಡಿ ಬಿದ್ದಿತ್ತು.

"ಇದು ನಿನ್ನ ಕೈ ಹೊಲಿಗಿ ಏನು?"

ಒಬ್ಬ ಸಿಪಾಯಿಯ ಸೊಂಟದಲ್ಲಿ ಸಂಗೀನು ಇತ್ತು. ಅವನ ಕೈ ಅದರ ಹಿಡಿಕೆಯ ಮೇಲೇ ಇತ್ತು. ನಿಮ್ಮದನ್ನೇ ಇದರಾಗ ಹಾಕಿ ನೋಡ್ರಿ ಅಂದಿದ್ದರೆ — ಅಷ್ಟೇ ಸಾಕಿತ್ತು. ಅದು ಹೋಗುತ್ತಿರಲಿಲ್ಲ. ಅವರ ಕಣ್ಣೆದುರೇ ಹುಲಗಪ್ಪನ ಮಾತು ನಿಜವಾಗುತ್ತಿತ್ತು. ನನಗೆ ಇದು ಹೊಳೆಯಲಿಲ್ಲ ಎಂದು ಹೇಳಬಹುದು. ಸುಳ್ಳು. ಹೊಳೆಯಿತು. ಅದರ ಜೊತೆಗೇ ಇನ್ನೊಂದೂ ಹೊಳೆಯಿತು: ಹಾಗಂದರೆ ಒರೆ ನನ್ನದೆಂದು ಒಪ್ಪಿಕೊಂಡಂತೆ, ಉಳಿದ ಒರೆಗಳೆಲ್ಲಿ ಎಂದು ಕೇಳುತ್ತಾರೆ. ಅಟ್ಟ ಹತ್ತುತ್ತಾರೆ.

"ಇದು ನನ್ನ ಕೈ ಹೊಲಿಗಿ ಅಲ್ರಿ, ಸಾಹೇಬ್ರ," ಅಂದೆ.

ಹುಲಗಪ್ಪ ನನ್ನ ಮುಖ ನೋಡಿದ. ಆಮೇಲೆ ಅಟ್ಟದ ಕಡೆ ನೋಡಲು ಹೋಗಿ, ಅರ್ಧಕ್ಕೇ ಕಣ್ಣು ಕೆಳಗಿಳಿಸಿದ. ಮೂಟೆ ಎಲ್ಲಿದೆ ಎಂದು ಅವನಿಗೂ ಗೊತ್ತಿತ್ತು.

"ಹೌದ್ರಿ, ನಾನ ತಪ್ಪಿ ಹೇಳೀನಿ. ಇವರಲ್ಲ," ಅಂದ.

ಅವರು ಅವನನ್ನು ಕರೆದುಕೊಂಡು ಹೋದರು. ಯಾರೂ ಆ ಒರೆಗೆ ಏನನ್ನೂ ಹಾಕಿ ನೋಡಲಿಲ್ಲ. ಇಲ್ಲದ ಸಂಗೀನನ್ನು ಅವನು ಎಲ್ಲಿಂದ ತಂದುಕೊಟ್ಟಾನು? ಹೊಲಿದವರು ಯಾರು ಎಂದೂ ಕೇಳಿರಬೇಕು. ಅವನು ಹೇಳಲಿಲ್ಲ — ಹೇಳಿದ್ದರೆ ನಾನು ಇಲ್ಲಿ ಕೂತು ಇದನ್ನು ಬರೆಯುತ್ತಿರಲಿಲ್ಲ.

ಆಳ್ವಿಕೆ ಬದಲಾದ ಮೇಲೆ ಬಿಟ್ಟರು. ಬಲಗೈಯ ಬೆರಳುಗಳು ಜಜ್ಜಿಹೋಗಿ, ಮಡಚಲು ಬಾರದೆ ಗೂಟಗಳ ಹಾಗಾಗಿದ್ದವು. ಚಾವಡಿಯಲ್ಲಿ ಬಿದ್ದಿದ್ದ ಆ ಒರೆಯನ್ನೂ ಅವನಿಗೆ ಹಿಂತಿರುಗಿಸಿದ್ದರು. ಅದನ್ನು ಹಿಡಿದುಕೊಂಡು ನೇರವಾಗಿ ನನ್ನ ಅಂಗಡಿಗೆ ಬಂದ.

"ನೀ ಹೌದು ಅಂದಿದ್ರ ಇಬ್ರೂ ಹೋಗ್ತಿದ್ವಿ ಅಣ್ಣ. ಒಬ್ಬನ ಹೋಗಿದ್ದು ಛಲೋ ಆತು. ಮನಸಿಗೆ ಹಚ್ಕೋಬ್ಯಾಡ," ಅಂದ. ಒರೆಯನ್ನು ನನ್ನ ಮುಂದಿಟ್ಟ. "ಇದನ್ನ ನೀನ ಇಟ್ಕೊ. ಮನ್ಯಾಗ ಇದ್ರ ನನ್ನ ಹೇಣ್ತಿ ನೋಡಿ ನೋಡಿ ಅಳತಾಳ."

ಆಗಲಾದರೂ ಹೇಳಬಹುದಿತ್ತು — ಇಬ್ಬರೂ ಹೋಗುತ್ತಿರಲಿಲ್ಲ, ಹೋದರೆ ನಾನೊಬ್ಬನೇ ಹೋಗುತ್ತಿದ್ದೆ, ನೀನು ಆವತ್ತೇ ಮನೆಗೆ ಹೋಗುತ್ತಿದ್ದೆ ಎಂದು. ನಾನು ಅವನಿಗೆ ನೀರು ಕೊಟ್ಟೆ. ಅವನು ಎಡಗೈಯಲ್ಲಿ ಲೋಟ ಹಿಡಿದು ಕುಡಿದು ಹೋದ.

ಈಗ ಅವನು ಬೇರೆಯವರ ಗೊಂಬೆಗಳಿಗೆ ಬಣ್ಣ ಅರೆದು ಕೊಡುತ್ತಾನೆ. ಯಾರಾದರೂ ಹಳೆಯ ಮಾತು ತೆಗೆದರೆ, ನನ್ನ ಪರವಾಗಿ ಅವನೇ ವಾದ ಮಾಡುತ್ತಾನೆ. ಅದನ್ನು ಕೇಳಿಸಿಕೊಳ್ಳುತ್ತ ಪಕ್ಕದಲ್ಲಿ ಕೂರುವುದು ಎಂಥದೆಂದು ನನಗೆ ಹೇಳಲು ಬರುವುದಿಲ್ಲ.

ನಿನ್ನೆ ಒರೆಯನ್ನು ಕೆಳಗಿಳಿಸಿ, ತೊಗಲು ಕೊಯ್ಯುವ ರಂಪಿಗೆಯಿಂದ ಹೊಲಿಗೆ ಬಿಚ್ಚಿದೆ. ಬಿದಿರು ಇಟ್ಟಲ್ಲೇ ಇದೆ, ಹುಳ ಕೂಡ ಹಿಡಿದಿಲ್ಲ. ಮೈತುಂಬ ಗರಗಸದ ಹಲ್ಲಿನ ಗೀರುಗಳು.

ನಾಳೆ ಕಿನ್ನಾಳಕ್ಕೆ ಹೋಗಿ ಇದನ್ನು ಅವನ ಎಡಗೈಗೆ ಕೊಡುತ್ತೇನೆ. ಅವನು ಮರದ ಕೆಲಸದವನು, ಈ ಗೀರು ಯಾವುದರದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ನೋಡುತ್ತಾನೆ. ಬೆರಳಿಂದ ಸವರುತ್ತಾನೆ. ಆಮೇಲೆ ತಲೆ ಎತ್ತಿ ಒಂದೇ ಒಂದು ಮಾತು ಕೇಳುತ್ತಾನೆ — ಆವತ್ತು ನಿನಗ ಇದು ನೆನಪಿತ್ತೇನಣ್ಣ?

ಇತ್ತು ಎನ್ನುತ್ತೇನೆ.