ಹೂವು ಬಲಕ್ಕೆ ಬಿತ್ತು, ಮರಿ ಓಡಿಹೋಯಿತು

ನನ್ನ ಮಗಳಿಗೆ ಮಾತಿಗಿಂತ ಕೈ ಮುಂದು. ಎರಡನೇ ತರಗತಿಯ ಹುಡುಗಿ, ಕಂಡವರನ್ನೆಲ್ಲ ತಬ್ಬಿಕೊಳ್ಳುತ್ತಾಳೆ. ಮೀನು ಮಾರುವ ಹೆಂಗಸು ಬುಟ್ಟಿ ಇಳಿಸುವಷ್ಟರಲ್ಲಿ ಇವಳು ಅವಳ ಸೊಂಟ ಹಿಡಿದಾಗಿರುತ್ತದೆ. ಆಮೇಲೆ ಬಂಗಡೆಯ ವಾಸನೆ ನನ್ನ ಸೆರಗಿಗೆ. ಸಿಲಿಂಡರ್ ತರುವವನಂತೂ ಈಗ ಗೇಟಿನಾಚೆಯೇ ನಿಂತು ಕೂಗುತ್ತಾನೆ. ದೇವರು ಮಗುವಿಗೆ ಪ್ರೀತಿಯನ್ನು ಒಂದು ಹಿಡಿ ಹೆಚ್ಚೇ ಕೊಟ್ಟ, ಕಡಿಮೆ ಕೊಟ್ಟಿದ್ದರೆ ಎಲ್ಲಿಂದ ತರುತ್ತಿದ್ದೆ ಎಂದು ಕೈಮುಗಿಯುತ್ತೇನೆ.

ಈಚೆಗೆ ಶಾಲೆಯಲ್ಲಿ ಗೆಳತಿಯೊಬ್ಬಳು, ಮೈಮೇಲೆ ಬೀಳಬೇಡ ಎಂದು ದೂಡಿದಳಂತೆ. ಅಂದಿನಿಂದ ಒಂದೇ ರಾಗ: "ಆಯಿ, ನಂಗೊಂದು ನಾಯಿ ಬೇಕು. ನಾಯಿ ದೂಡೂದಿಲ್ಲ."

ಅಂಕೋಲೆ ಬಳಿಯ ಬೊಬ್ರುವಾಡದಲ್ಲಿ ಅತ್ತಿಗೆಯ ಮನೆಯಲ್ಲಿ ನಾಯಿ ಮರಿ ಹಾಕಿತ್ತು. ಒಂದನ್ನು ಒಯ್ಯಿರೆಂದು ಅವರ ಒತ್ತಾಯ. ಮಲ್ಲಾಪುರದಲ್ಲಿ ಶಿಫ್ಟ್ ಮುಗಿಸಿ ಬಂದ ನಮ್ಮವರನ್ನು ಕೇಳಿದೆ. "ನಿಂಗೆ ಸರಿ ಕಂಡಂಗೆ ಮಾಡು" ಎಂದು ಪೇಪರಿನ ಹಿಂದೆ ಅಡಗಿಕೊಂಡರು. ನನಗೆ ಎರಡೂ ಸರಿ ಕಾಣುತ್ತಿತ್ತು, ಎರಡೂ ತಪ್ಪು ಕಾಣುತ್ತಿತ್ತು. ತಂದರೆ, ಇವಳು ಹಿಡಿಯುವ ಬಿಗಿಗೆ ಅದು ಕಚ್ಚೀತು. ತಾರದಿದ್ದರೆ, ಈ ಕೈಗಳು ಮಡಚಿಕೊಂಡು ದೊಡ್ಡವರ ಕೈಗಳಾದಾವು. ದತ್ತಾತ್ರೇಯನ ಕಾಲಬಳಿ ನಾಯಿಗಳಿವೆ, ನಿಜ. ಅವನು ಅವುಗಳ ಕುತ್ತಿಗೆಗೆ ಜೋತುಬಿದ್ದ ಚಿತ್ರವನ್ನು ಮಾತ್ರ ಯಾವ ಕ್ಯಾಲೆಂಡರಿನಲ್ಲೂ ಕಂಡಿಲ್ಲ.

ನಮ್ಮ ಕಡೆ ಇಂಥ ಗೊಂದಲಕ್ಕೆ ಒಂದು ದಾರಿಯಿದೆ, ದೇವಿಯ ಬಳಿ ಪ್ರಸಾದ ಕೇಳುವುದು. ಒದ್ದೆ ಹೂವಿನೆಸಳುಗಳನ್ನು ದೇವಿಯ ಮೈಗೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ಮಗಳನ್ನು ಕರೆದುಕೊಂಡು ಅಂಕೋಲೆಯ ದೇವಿಯ ಗುಡಿಗೆ ಹೋದೆ. ಅಲ್ಲಿ ಪೂಜೆ ಮಾಡುವ ಗುನಗರು ನನ್ನ ಪ್ರಶ್ನೆ ಕೇಳಿ ಹೂವು ಹಿಡಿದ ಕೈಯನ್ನೇ ಕೆಳಗಿಳಿಸಿದರು.

"ಮದ್ವೆ ಕೇಳ್ತರು, ಬಾವಿ ಕೇಳ್ತರು. ನಾಯಿ ಕೇಳ್ದವ್ರು ನೀವೇ ಮೊದ್ಲು, ತಂಗಿ!"

ಎಸಳು ಬಲಕ್ಕೇ ಬಿತ್ತು. ಮಗಳು ಗುನಗರನ್ನೇ ತಬ್ಬಿಕೊಂಡಳು.

ಅಲ್ಲಿಂದ ನೇರ ಬೊಬ್ರುವಾಡ. ಅತ್ತಿಗೆ ಕಂದು ಬಣ್ಣದ ಮರಿಯೊಂದನ್ನು ಅವಳ ಮಡಿಲಿಗಿಟ್ಟರು. ಇವಳು ಕಣ್ಣುಮುಚ್ಚಿ ಎದೆಗೆ ಒತ್ತಿಕೊಂಡಳು. ಮರಿ ಕುಂಯ್ ಎಂದಿತು, ಕೊಸರಿತು, ಜಾರಿ ಸೌದೆಯ ರಾಶಿಯ ಹಿಂದೆ ಹೋಗಿ ಕುಳಿತಿತು.

"ಅದ್ರ ಉಸ್ರು ಕಟ್ಟಿಸ್ದೆ ಅಲ್ಲೆ!" ಎಂದು ಅತ್ತಿಗೆ ನಕ್ಕರು. ಮಗಳು ನಗಲಿಲ್ಲ. ಖಾಲಿ ಕೈಗಳನ್ನು ನೋಡಿಕೊಂಡು, "ಇದೂ ದೂಡ್ತು" ಎಂದಳು.

ದೇವಿ ಹೌದೆಂದಿದ್ದಾಳೆ, ಮರಿ ಬೇಡವೆನ್ನುತ್ತಿದೆ. ನಾನು ಯಾರ ಮಾತು ಕೇಳಲಿ? ಮರಿಯನ್ನು ಅಲ್ಲೇ ಬಿಟ್ಟು ಕಾರವಾರದ ನಮ್ಮ ಮನೆಗೆ ಮರಳಿದೆವು. ಬಸ್ಸಿನಲ್ಲಿ ಅವಳು ತನ್ನೆರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕುಳಿತಿದ್ದಳು. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಸಂಜೆ ಮಿಂದು ದೀಪ ಹಚ್ಚಲು ಹೊರಟವಳು ಅವಳಿಗೆ ತಿಳಿಹೇಳಿದೆ: ನಾಯಿ ಬೊಂಬೆಯಲ್ಲ, ತಂದರೂ ಅದಾಗಿ ಹತ್ತಿರ ಬರುವ ತನಕ ಕಾಯಬೇಕು.

ಸ್ವಲ್ಪ ಯೋಚಿಸಿ ಕೇಳಿದಳು: "ಅಲ್ಲೀವರೆಗೆ ಯಾರ್‍ನ ಹಿಡ್ಕಣ್ಲಿ?"

ಅವಳ ಮೈಯೆಲ್ಲ ಬಸ್ಸಿನ ಧೂಳು, ಫ್ರಾಕಿನ ತುಂಬ ನಾಯಿಯ ಕೂದಲು. ಬಾ ಎಂದು ನೆಲಕ್ಕೆ ಕುಳಿತು ಕೈ ಚಾಚಿದೆ. ನಾಯಿಯ ತೀರ್ಮಾನ ಇನ್ನೂ ಆಗಿಲ್ಲ, ಅತ್ತಿಗೆಗೆ ಏನು ಹೇಳಲಿ ಎಂದೂ ತಿಳಿದಿಲ್ಲ. ಅಂದು ನಾನು ಮತ್ತೆ ಮೀಯಬೇಕಾಯಿತು, ದೀಪ ತಡವಾಯಿತು. ದೇವರು ಕಾದ. ಕಾಯುವುದು ಅವನಿಗೆ ನಮಗಿಂತ ಚೆನ್ನಾಗಿ ಬರುತ್ತದೆ.